ಪಾಠ: ಸೋದರಮಾವನ ಹಕ್ಕೂ ಕನ್ಯೆಯ ಒಪ್ಪಿಗೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳಲ್ಲಿ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ವಾಡಿಕೆಯು ಹಳೆಯದು. ಮಗಳು ಕಣ್ಣೆದುರಿಗೆ ಇರುವಳು, ಹೊಲವು ಹೊರಗೆ ಹೋಗದು, ವರನ ಗುಣವು ಗೊತ್ತಿರುವದು ಎಂದು ಹಿರಿಯರು ಹೇಳುವರು. ಈ ಮಾತಿನಲ್ಲಿ ಪ್ರೀತಿಯೂ ಉಂಟು.

ಆದರೆ ಮನಸ್ಸಿಗೆ ತನ್ನದೊಂದು ಸ್ವಭಾವವುಂಟು. ಚಿಕ್ಕಂದಿನಿಂದ ಒಂದೇ ಮನೆಯಲ್ಲಿ ಬೆಳೆದವರೊಳಗೆ ದಾಂಪತ್ಯದ ಆಸೆಯು ಹುಟ್ಟುವದು ಅಪರೂಪವೆಂದು ಫಿನ್ಲೆಂಡ್ ದೇಶದ ವೆಸ್ಟರ್‌ಮಾರ್ಕ್ ಎಂಬ ಪಂಡಿತರು 1891ರಲ್ಲಿ ಬರೆದರು. ತೈವಾನಿನಲ್ಲಿ ಹೆಣ್ಣುಕೂಸನ್ನು ಸೊಸೆಯಾಗಿ ತಂದು, ವರನ ಸಂಗಡಲೇ ಬೆಳೆಸಿ ಮದುವೆ ಮಾಡುವ ಪದ್ಧತಿಯಿತ್ತು. ಅಂಥ ದಂಪತಿಗಳಿಗೆ ಮಕ್ಕಳು ಕಡಿಮೆ, ವಿಚ್ಛೇದನಗಳು ಹೆಚ್ಚು ಎಂದು ಆರ್ಥರ್ ವುಲ್ಫ್ ಎಂಬವರು ತೋರಿಸಿದರು. ಆದಕಾರಣ ತನ್ನನ್ನು ಎತ್ತಿ ಆಡಿಸಿದ ಮಾವನನ್ನು ಗಂಡನೆಂದು ಕಾಣಲಾರದ ಹುಡುಗಿಯನ್ನು ಹಟಮಾರಿ ಎನ್ನಬಾರದು.

ಶರೀರದ ವಿಷಯವೂ ಉಂಟು. ಮಾವನಿಗೂ ಅಕ್ಕನ ಮಗಳಿಗೂ ವಂಶಗುಣಗಳಲ್ಲಿ ಸುಮಾರು ಕಾಲುಪಾಲು ಒಂದೇ. ಇಬ್ಬರಲ್ಲಿಯೂ ಅಡಗಿರುವ ದೋಷವು ಕೂಡಿಕೊಂಡು ಮಗುವಿಗೆ ಹುಟ್ಟುಕಿವುಡು ಮೊದಲಾದವು ಬರುವ ಸಂಭವವು ಹೆಚ್ಚು.

ರೆಬೆಕ್ಕಳು ಇಸಾಕನ ಬಂಧುವೇ. ಆದರೂ ಅವಳ ತಾಯಿಯೂ ಅಣ್ಣನೂ ಅವಳನ್ನೇ ಕರೆದು ಅವಳ ಮನಸ್ಸನ್ನು ವಿಚಾರಿಸಿದರು. ನಾವೂ ಹಾಗೆಯೇ ಮಾಡತಕ್ಕದ್ದು. ಪಂಚರ ಮುಂದೆ ಬೇಡ. ಅವಳು ನಂಬಿದ ಹೆಂಗಸೊಬ್ಬಳು ಏಕಾಂತದಲ್ಲಿ ಕೇಳಲಿ. ತಲೆ ತಗ್ಗಿಸಿದ ಮೌನವು ಒಪ್ಪಿಗೆಯಲ್ಲ. ವರನ ಮನಸ್ಸನ್ನೂ ಕೇಳಿರಿ. 2006ರ ಕಾನೂನಿನ ಪ್ರಕಾರ ಕನ್ಯೆಗೆ 18, ವರನಿಗೆ 21 ವರುಷ ತುಂಬುವದಕ್ಕೆ ಮುಂಚೆ ಮದುವೆ ಮಾಡಿಸುವದು ಅಪರಾಧವು.

ಪ್ರಶ್ನೆಗಳು: 1. ಬಾಲ್ಯದಿಂದ ಒಟ್ಟಿಗೆ ಬೆಳೆದವರ ಮನಸ್ಸು ಎಂಥದು? 2. ನಿಮ್ಮ ಮನೆಯಲ್ಲಿ ಕನ್ಯೆಯನ್ನು ಯಾರು, ಎಲ್ಲಿ ಕೇಳುವರು? 3. ಅವಳು ಒಲ್ಲೆನೆಂದರೆ ನೀವು ಏನು ಮಾಡುವಿರಿ?