ಎರಡು ಊರಿನ ಎರಡು ಚೀಟಿ



ಕೆಮ್ಮು, ಜ್ವರ, ಉರಿಮೂತ್ರ ಬಂದರೆ ನಾವು ಊರಿನ ಡಾಕ್ಟರ ಬಳಿಗೇ ಹೋಗುತ್ತೇವೆ. ಆದರೆ ಮನಸ್ಸು ಕುಗ್ಗಿ, ನಿದ್ದೆ ಬಾರದೆ, ಯಾವುದರಲ್ಲಿಯೂ ಆಸಕ್ತಿ ಉಳಿಯದೆ ಹೋದಾಗ ಪರಿಚಿತರ ಕಣ್ಣಿಗೆ ಬೀಳದ ಹಾಗೆ ಬೇರೆ ಊರಿನ ಬಸ್ಸು ಹತ್ತುವವರು ನಮ್ಮಲ್ಲಿದ್ದಾರೆ. ಹಾವೇರಿ, ಬ್ಯಾಡಗಿಯವರು ಹುಬ್ಬಳ್ಳಿ-ಧಾರವಾಡಕ್ಕೆ, ರಾಣೆಬೆನ್ನೂರಿನವರು ದಾವಣಗೆರೆಗೆ ಹೋಗುತ್ತಾರೆ. ಹೋಗುವುದು ತಪ್ಪಲ್ಲ, ಒಳ್ಳೆಯದೇ. ತೊಂದರೆ ಬರುವುದು ಆಮೇಲೆ. ಆ ಊರಿನ ಚೀಟಿ ಕಪಾಟಿನಲ್ಲಿ ಬಟ್ಟೆಯ ಕೆಳಗೆ ಸೇರುತ್ತದೆ. ಊರಿನ ಡಾಕ್ಟರು "ಬೇರೆ ಗುಳಿಗೆ ಏನಾದರೂ ತಗೋತೀರೇನು?" ಎಂದು ಕೇಳಿದರೆ "ಏನೂ ಇಲ್ರಿ" ಎಂಬ ಉತ್ತರ ಬರುತ್ತದೆ. ಎರಡು ಚೀಟಿಗಳು ಒಂದನ್ನೊಂದು ಕಾಣುವುದೇ ಇಲ್ಲ. ಗುಳಿಗೆಗಳು ಮಾತ್ರ ಒಂದೇ ಹೊಟ್ಟೆಯಲ್ಲಿ ಸೇರುತ್ತವೆ.

ಖಿನ್ನತೆಯ ಗುಳಿಗೆ ಮತ್ತು ರೋಗಾಣುಗಳನ್ನು ಕೊಲ್ಲುವ ಆ್ಯಂಟಿಬಯಾಟಿಕ್ ಗುಳಿಗೆ ಒಟ್ಟಿಗೆ ಸೇರಿದಾಗ ಏನಾಗಬಹುದು, ಆಗ ಕ್ರೈಸ್ತ ಕುಟುಂಬದ ಕರ್ತವ್ಯವೇನು ಎಂಬುದೇ ಈ ವಾರದ ಪಾಠ.

ಗುಳಿಗೆಗಳ ನಡುವೆ ಏನು ನಡೆಯುತ್ತದೆ?

ಮೊದಲು ಒಂದು ಧೈರ್ಯದ ಮಾತು. ಇವೆರಡನ್ನೂ ಒಟ್ಟಿಗೆ ತೆಗೆದುಕೊಂಡವರಿಗೆಲ್ಲ ತೊಂದರೆಯಾಗುವುದಿಲ್ಲ. ಅಮಾಕ್ಸಿಸಿಲಿನ್‌ನಂತಹ ಔಷಧಗಳು ಖಿನ್ನತೆಯ ಗುಳಿಗೆಗಳೊಂದಿಗೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಆದರೆ ಕೆಲವು ಜೋಡಿಗಳ ವಿಷಯದಲ್ಲಿ ಎಚ್ಚರ ಬೇಕು.

ಒಂದನೆಯದು, ಲಿನೆಜೋಲಿಡ್. ಮಿದುಳಿನ ನರಗಳ ನಡುವೆ ಸುದ್ದಿ ಒಯ್ಯುವ ಸಿರೊಟೋನಿನ್ ಎಂಬ ವಸ್ತುವಿದೆ. ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಎಸಿಟಲೋಪ್ರಾಮ್ ಮುಂತಾದ ಗುಳಿಗೆಗಳು ಅದು ಬೇಗನೆ ಹಿಂದಕ್ಕೆ ಹೋಗದಂತೆ ತಡೆಯುತ್ತವೆ. ಲಿನೆಜೋಲಿಡ್ ಅದು ಕರಗದಂತೆ ತಡೆಯುತ್ತದೆ. ಎರಡೂ ಸೇರಿದರೆ ಸಿರೊಟೋನಿನ್ ಮಿತಿಮೀರಬಹುದು. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ವೈದ್ಯರಿಗೆ ಎಚ್ಚರಿಕೆ ನೀಡಿತು.

ಇದು ದೂರದೇಶದ ಮಾತಲ್ಲ. ಹಲವು ಔಷಧಗಳಿಗೆ ಬಗ್ಗದ ಟಿ.ಬಿ.ಗೆ ನಾಲ್ಕು ಔಷಧಗಳ ಆರು ತಿಂಗಳ ಹೊಸ ಚಿಕಿತ್ಸೆಯನ್ನು ಕೇಂದ್ರ ಆರೋಗ್ಯ ಸಚಿವಾಲಯವು 2024ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಆ ನಾಲ್ಕರಲ್ಲಿ ಲಿನೆಜೋಲಿಡ್ ಒಂದು. ದೀರ್ಘ ಕಾಯಿಲೆಯಿಂದ ನೊಂದ ಟಿ.ಬಿ. ರೋಗಿಗಳಲ್ಲಿ ಖಿನ್ನತೆಯೂ ಅಪರೂಪವಲ್ಲ. ಹಾಗಾಗಿ ಎರಡೂ ಔಷಧಗಳು ಒಂದೇ ಮನೆಯಲ್ಲಿ, ಒಬ್ಬರದೇ ಕೈಯಲ್ಲಿ ಇರಬಹುದು.

ಈ ಎರಡು ರೋಗಗಳ ಔಷಧಗಳ ನಂಟು ಹಳೆಯದು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಟಿ.ಬಿ. ರೋಗಿಗಳಿಗೆ ಇಪ್ರೊನಿಯಾಜಿಡ್ ಎಂಬ ಔಷಧ ಕೊಟ್ಟಾಗ, ಅವರ ಮನಸ್ಸೂ ಅರಳಿದ್ದನ್ನು ವೈದ್ಯರು ಗಮನಿಸಿದರು. 1957ರ ಹೊತ್ತಿಗೆ ಅದನ್ನು ಖಿನ್ನತೆಗೇ ಕೊಡತೊಡಗಿದರು. ಶ್ವಾಸಕೋಶಕ್ಕೆಂದು ನುಂಗಿದ ಗುಳಿಗೆ ಮನಸ್ಸನ್ನೂ ಮುಟ್ಟುತ್ತದೆ. ದೇವರು ನಮ್ಮ ದೇಹವನ್ನೂ ಮನಸ್ಸನ್ನೂ ಬೇರೆ ಬೇರೆ ಕೋಣೆಗಳಾಗಿ ಕಟ್ಟಿಲ್ಲ.

ಎರಡನೆಯದು, ಹೃದಯದ ಬಡಿತ. ಎಸಿಟಲೋಪ್ರಾಮ್‌ನೊಂದಿಗೆ ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಅಥವಾ ಮಾಕ್ಸಿಫ್ಲಾಕ್ಸಾಸಿನ್ ಸೇರಿದರೆ ಕೆಲವರಲ್ಲಿ ಹೃದಯದ ಲಯ ಕೆಡಬಹುದು. ವಯಸ್ಸಾದವರು, ಹೃದಯದ ತೊಂದರೆಯಿರುವವರು, ವಾಂತಿ-ಭೇದಿಯಿಂದ ಬಳಲಿದವರು ಹೆಚ್ಚು ಜಾಗ್ರತೆ ವಹಿಸಬೇಕು.

ಮೂರನೆಯದು, ಔಷಧದ ಪ್ರಮಾಣ. ಸಾಮಾನ್ಯ ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಸರ್ಟ್ರಲಿನ್‌ನಂತಹ ಗುಳಿಗೆಯನ್ನು ದೇಹವು ಬೇಗನೆ ಹೊರಹಾಕುವಂತೆ ಮಾಡುತ್ತದೆ. ಆಗ ಗುಣವಾಗುತ್ತಿದ್ದ ಖಿನ್ನತೆ ಮರಳಬಹುದು. ರೋಗಿಯೋ "ದೇವರು ನನ್ನ ಕೈಬಿಟ್ಟರು" ಎಂದುಕೊಳ್ಳುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಸಿಪ್ರೊಫ್ಲಾಕ್ಸಾಸಿನ್ ಸೇರಿದರೆ ಡುಲಾಕ್ಸೆಟಿನ್ ಎಂಬ ಖಿನ್ನತೆಯ ಗುಳಿಗೆ ರಕ್ತದಲ್ಲಿ ಅತಿಯಾಗಿ ಹೆಚ್ಚಬಹುದು.

ಯಾವ ಲಕ್ಷಣಕ್ಕೆ ಎಚ್ಚರ?

ಸಿರೊಟೋನಿನ್ ಮಿತಿಮೀರಿದರೆ ಹೆಚ್ಚಾಗಿ ಒಂದು ದಿನದೊಳಗೇ ಲಕ್ಷಣಗಳು ಕಾಣುತ್ತವೆ: ಚಡಪಡಿಕೆ, ಗೊಂದಲದ ಮಾತು, ಕೈಕಾಲು ನಡುಕ, ಸ್ನಾಯುಗಳ ಸೆಳೆತ, ವಿಪರೀತ ಬೆವರು, ಭೇದಿ, ಜ್ವರ. ಹೃದಯದ ಲಯ ಕೆಟ್ಟರೆ ಎದೆ ಹೊಡೆದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಎಚ್ಚರ ತಪ್ಪಬಹುದು.

ಇಂಥ ಚಡಪಡಿಕೆ, ನಡುಕ ಕಂಡಾಗ "ಹಳೆಯ ಹುಚ್ಚು ಮರಳಿತು" ಎಂದೋ, "ಗಾಳಿ ಸೋಕಿದೆ" ಎಂದೋ ಹೇಳಿ ಕಾಯುತ್ತ ಕೂರಬೇಡಿ. ಪ್ರಾರ್ಥನೆಯನ್ನು ದಾರಿಯಲ್ಲಿಯೇ ಮಾಡಬಹುದು. 108ಕ್ಕೆ ಕರೆ ಮಾಡಿ, ಎರಡೂ ಚೀಟಿಗಳನ್ನೂ ಗುಳಿಗೆಯ ಹಾಳೆಗಳನ್ನೂ ಹಿಡಿದು ಆಸ್ಪತ್ರೆಗೆ ಹೋಗಿ.

ವಿಶ್ವಾಸ ಏನು ಹೇಳುತ್ತದೆ?

ಖಿನ್ನತೆಯು ವಿಶ್ವಾಸದ ಕೊರತೆಯೆಂದು ಕೆಲವರು ಭಾವಿಸುತ್ತಾರೆ. ಅರಸುಗಳು ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ತೆರೆದು ನೋಡಿ. ಪ್ರವಾದಿ ಎಲೀಯ ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವದೂತನು ಅವನನ್ನು ಗದರಿಸುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ, ಆಮೇಲೆ ಎಬ್ಬಿಸಿ ದಾರಿಗೆ ಹಚ್ಚುತ್ತಾನೆ. ದೇಹದ ಆರೈಕೆಯೇ ಅಲ್ಲಿ ದೇವರ ಕೃಪೆಯ ಮೊದಲ ರೂಪ. ಕೃಪೆಯು ಮಾನವ ಸ್ವಭಾವವನ್ನು ತೆಗೆದುಹಾಕದೆ ಅದನ್ನು ಪೂರ್ಣಗೊಳಿಸುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದೂ ಇದನ್ನೇ.

ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯರನ್ನು ಗೌರವಿಸಲು ಹೇಳುತ್ತದೆ. ಔಷಧಗಳು ದೇವರ ಭೂಮಿಯಿಂದಲೇ ಬಂದವೆನ್ನುತ್ತದೆ. ಅಲ್ಲಿಯೇ ಇನ್ನೊಂದು ಮಾತಿದೆ: ರೋಗವನ್ನು ಸರಿಯಾಗಿ ಗುರುತಿಸಲು ವೈದ್ಯರೂ ದೇವರನ್ನು ಬೇಡುತ್ತಾರೆ. ಅವರ ಬೇಡಿಕೆಗೆ ಉತ್ತರ ನಮ್ಮ ಬಾಯಲ್ಲಿಯೇ ಇರುವಾಗ, ನಾವು ಬಾಯಿ ಮುಚ್ಚಿಕೊಂಡರೆ ಹೇಗೆ?

"ಕೊಲ್ಲಬೇಡ" ಎಂಬ ಆಜ್ಞೆಯು ನಮ್ಮ ಸ್ವಂತ ಜೀವವನ್ನೂ ಒಳಗೊಂಡಿದೆ. ಜೀವ ಮತ್ತು ಆರೋಗ್ಯ ದೇವರು ನಮ್ಮ ವಶಕ್ಕೆ ಒಪ್ಪಿಸಿದ ವರಗಳು. ನಾಚಿಕೆಗಾಗಿ ಅವನ್ನು ಪಣಕ್ಕೊಡ್ಡುವಂತಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ಹೇಳರು ಎಂಬ ನಂಬಿಕೆ ನಿಮಗಿದೆ. ವೈದ್ಯರಿಗೂ ಅವರ ವೃತ್ತಿಗೆ ತಕ್ಕ ಗೋಪ್ಯತೆಯ ಹೊಣೆಯಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅದನ್ನು ರೋಗಿಯ ಹಕ್ಕೆಂದೇ ಒಪ್ಪಿದೆ.

ಮನೆಯಲ್ಲಿ ಪಾಲಿಸಬೇಕಾದ ಐದು ಮಾತು

1. ತೆಗೆದುಕೊಳ್ಳುವ ಎಲ್ಲ ಗುಳಿಗೆಗಳ ಹೆಸರನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಯಾವ ಡಾಕ್ಟರ ಬಳಿಗೆ ಹೋದರೂ ತೋರಿಸಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಹಾಳೆಯೇ ಹೇಳಲಿ.

2. ಇತ್ತೀಚೆಗೆ ಬಿಟ್ಟ ಗುಳಿಗೆಯನ್ನೂ ಬರೆಯಿರಿ. ಫ್ಲೂಆಕ್ಸೆಟಿನ್ ನಿಲ್ಲಿಸಿದ ಮೇಲೂ ಐದು ವಾರಗಳವರೆಗೆ ಅದರ ಪ್ರಭಾವ ದೇಹದಲ್ಲಿರಬಹುದು.

3. ಈ ಲೇಖನ ಓದಿ ಹೆದರಿ ಯಾವ ಗುಳಿಗೆಯನ್ನೂ ನೀವಾಗಿಯೇ ಬಿಡಬೇಡಿ. ಖಿನ್ನತೆಯ ಗುಳಿಗೆ ಥಟ್ಟನೆ ನಿಂತರೆ ಕಾಯಿಲೆ ಮರಳಬಹುದು, ಟಿ.ಬಿ. ಗುಳಿಗೆ ನಿಂತರೆ ರೋಗ ಬಗ್ಗದಾಗುತ್ತದೆ. ಎರಡೂ ಅಗತ್ಯವಿದ್ದರೆ ಔಷಧ ಬದಲಿಸಲು, ಪ್ರಮಾಣ ಸರಿಪಡಿಸಲು, ನಿಗಾ ಇಟ್ಟು ಎರಡನ್ನೂ ಕೊಡಲು ವೈದ್ಯರಿಗೆ ದಾರಿಗಳಿವೆ.

4. ಚೀಟಿಯಿಲ್ಲದೆ ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೇಳಬೇಡಿ. ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಬಂದ ಕೆಮ್ಮಿಗೆ ಅದು ಬೇಕಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಬೇಕು.

5. ಮನಸ್ಸಿನ ಭಾರ ತಡೆಯಲಾಗದಿದ್ದರೆ, ಸಾಯುವ ಯೋಚನೆ ಬಂದರೆ, 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಿದು. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು.

ಕುಟುಂಬದಲ್ಲಿ ಚರ್ಚಿಸಿ

ನಮ್ಮ ಮನೆಯಲ್ಲಿ ಯಾರಾದರೂ ಮನಸ್ಸಿನ ಗುಳಿಗೆಯನ್ನು ಬಚ್ಚಿಟ್ಟುಕೊಂಡು ನುಂಗಬೇಕಾಗಿದೆಯೇ? ಅವರು ಬಚ್ಚಿಡುವಂತೆ ಮಾಡಿದ ಮಾತು ನಮ್ಮ ಬಾಯಿಂದ ಬಂದಿದೆಯೇ? ಸಕ್ಕರೆ ಕಾಯಿಲೆಯ ಗುಳಿಗೆಯಂತೆ ಅದೂ ಊಟದ ಮೇಜಿನ ಮೇಲಿರಲು ನಾವೇನು ಮಾಡಬೇಕು?

ಪ್ರಾರ್ಥನೆ

ಪ್ರಭು ಯೇಸುವೇ, ಕಾಯಿಲೆಯವರ ಮೇಲೆ ಕೈಯಿಟ್ಟು ಗುಣಪಡಿಸಿದವರು ನೀವು. ನಮ್ಮ ನೋವನ್ನು ಹೇಳಿಕೊಳ್ಳುವ ಧೈರ್ಯವನ್ನು ನಮಗೂ, ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮ್ಮ ಮನೆಯವರಿಗೂ, ಸರಿಯಾದದ್ದನ್ನು ಗುರುತಿಸುವ ಬೆಳಕನ್ನು ನಮ್ಮ ವೈದ್ಯರಿಗೂ ದಯಪಾಲಿಸಿರಿ. ಆಮೆನ್.