ಎಡಪಟ್ಟಿ ಕೆಲಸಕ್ಕೆ ತಕ್ಕಂತಿರಲಿ

ಕಂಪ್ಯೂಟರಿನಲ್ಲಿ ಯಾವುದೇ ಫೋಲ್ಡರ್ ತೆರೆದರೂ ಎಡಬದಿಗೆ ಕಾಣುವ ಪಟ್ಟಿಯು ಕಡತಗಳಿಗೆ ಹತ್ತಿರದ ದಾರಿ. ಅದರಲ್ಲಿ ಮೊದಲೇ ಇರುವ ಮ್ಯೂಸಿಕ್, ವಿಡಿಯೋಸ್‌ನಂಥ ಫೋಲ್ಡರ್‌ಗಳು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳ ನಿತ್ಯದ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ ಎಂದು ಬೇರೆ ಬೇರೆ ಫೋಲ್ಡರ್ ಮಾಡಿ, ಅವನ್ನೇ ಪಟ್ಟಿಗೆ ಸೇರಿಸುವುದು ಲೇಸು.

ವಿಂಡೋಸ್ 10 ಮತ್ತು 11ರಲ್ಲಿ ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪಿನ್ ಟು ಕ್ವಿಕ್ ಆಕ್ಸೆಸ್’ ಆರಿಸಬೇಕು. ಉಬುಂಟುವಿನ ‘ಫೈಲ್ಸ್’ನಲ್ಲಿ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಹೀಗೆ ಸೇರಿಸಿದವುಗಳನ್ನು ಎಳೆದು, ಹೆಚ್ಚು ಬಳಸುವುದನ್ನು ಮೇಲಿಡಬಹುದು. ವಿಂಡೋಸ್‌ನಲ್ಲಿ ಬೇಡವಾದುದನ್ನು ‘ಅನ್‌ಪಿನ್’ ಮಾಡಿದರೆ ಪಟ್ಟಿಯಿಂದಷ್ಟೇ ಮರೆಯಾಗುತ್ತದೆ, ಫೋಲ್ಡರ್ ಅಳಿಯುವುದಿಲ್ಲ. ಐದಾರು ಹೆಸರುಗಳಿದ್ದರೆ ಕಣ್ಣಿಗೂ ಕೈಗೂ ಹಗುರ.