ಸಿಟ್ಟೆಬ್ಬಿಸುವ ನುಡಿಗಟ್ಟುಗಳು

ಪದಗಳ ನೇರ ಅರ್ಥವನ್ನು ಮೀರಿ ಬೇರೊಂದು ಅರ್ಥವನ್ನು ಕೊಡುವ ಪದಸಮೂಹವೇ ನುಡಿಗಟ್ಟು. ‘ತಲೆ ತಿನ್ನು’ ಎಂದರೆ ಬೇಸರ ಬರುವಷ್ಟು ಪೀಡಿಸು ಎಂದರ್ಥ.

ಜತ್ತ ತಾಲೂಕಿನ ಯಳವಿಯಂತಹ ಗಡಿ ಊರಿನ ವಿದ್ಯಾರ್ಥಿಯ ಕಿವಿಗೆ ಕನ್ನಡದೊಡನೆ ಮರಾಠಿಯೂ ಬೀಳುತ್ತದೆ. ಮರಾಠಿಯ ‘ಡೋಕೆ ಖಾಣೆ’ಯನ್ನು ಪದಶಃ ಅನುವಾದಿಸಿದರೂ ‘ತಲೆ ತಿನ್ನು’ ಎಂದೇ ಆಗುತ್ತದೆ. ಆದರೆ ‘ತಳಪಾಯಾಚೀ ಆಗ ಮಸ್ತಕಾತ ಜಾಣೆ’ ಎಂಬಲ್ಲಿ ಅಂಗಾಲಿನ ಬೆಂಕಿ ತಲೆಗೇರುತ್ತದೆ. ಕನ್ನಡದಲ್ಲಿ ನೆತ್ತಿಗೇರುವುದು ಪಿತ್ತ. ಇಂಗ್ಲಿಷಿನ ‘ಡ್ರೈವ್ ಅಪ್ ದ ವಾಲ್’ ಎಂಬುದನ್ನು ‘ಗೋಡೆ ಹತ್ತಿಸು’ ಎಂದು ಬರೆದರೆ ಅರ್ಥವೇ ಕೆಡುತ್ತದೆ. ‘ತಲೆ ಕೆಡಿಸು’ ಎಂಬುದು ಅಲ್ಲಿ ಸಲ್ಲುತ್ತದೆ.

ನುಡಿಗಟ್ಟಿನ ತೂಕವನ್ನೂ ಅರಿಯಬೇಕು. ಒಂದೇ ಪ್ರಶ್ನೆಯನ್ನು ಪದೇ ಪದೇ ಕೇಳುವ ಮಗು ತಾಯಿಯ ತಲೆ ತಿನ್ನುತ್ತದೆ. ಜಗಳದ ನಡುವೆ ಚಾಡಿ ಹೇಳುವವನು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾನೆ. ಆಸ್ತಿ ಕಸಿದು ಹೆತ್ತವರನ್ನು ಹೊರದೂಡಿದ ಮಗ ಅವರ ಹೊಟ್ಟೆ ಉರಿಸುತ್ತಾನೆ. ಆ ಮಗನ ಬಗ್ಗೆ ‘ತಲೆ ತಿಂದ’ ಎಂದು ಬರೆದರೆ ದ್ರೋಹವೂ ಕೀಟಲೆಯಾಗಿಬಿಡುತ್ತದೆ. ಆದುದರಿಂದ ಅನುವಾದಕ್ಕೆ ಮೊದಲು ಯಾರು, ಯಾರನ್ನು, ಎಷ್ಟು ನೋಯಿಸಿದರು ಎಂಬುದನ್ನು ಗಮನಿಸಬೇಕು.

ಅಭ್ಯಾಸ: ‘ಜಖಮೇವರ ಮೀಠ ಚೋಳಣೆ’ ಎಂಬುದಕ್ಕೆ ಸಮಾನವಾದ ಕನ್ನಡ ನುಡಿಗಟ್ಟನ್ನು ಬರೆದು, ಸ್ವಂತ ವಾಕ್ಯದಲ್ಲಿ ಬಳಸಿರಿ.